ಎತ್ತುವ ಮೊದಲು ಓದಿ: ಊರ ವೀರಗಲ್ಲನ್ನು ದಾಖಲಿಸುವ ಕೆಲಸ

ರಸ್ತೆ ಅಗಲವಾಗುವಾಗ, ಕೆರೆ ಏರಿಗೆ ಮಣ್ಣು ಹಾಕುವಾಗ, ಗುಡಿಯ ಜೀರ್ಣೋದ್ಧಾರ ನಡೆಯುವಾಗ ಊರಿನಲ್ಲಿ ಮೊದಲು ಜಾಗ ಕಳೆದುಕೊಳ್ಳುವುದು ವೀರಗಲ್ಲು. ಅದನ್ನು ಉಳಿಸಬೇಕೆಂದು ಬಂದವರೂ ಮೊದಲು ಕಲ್ಲನ್ನು ಕಿತ್ತು ಗುಡಿಯ ಅಂಗಳಕ್ಕೆ ತಂದು ನಿಲ್ಲಿಸುತ್ತಾರೆ, ತೊಳೆಯುತ್ತಾರೆ, ಬಣ್ಣ ಬಳಿಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಈ ಕೆಲಸ ಮುಗಿಯುವ ಹೊತ್ತಿಗೆ ಸ್ಮಾರಕದಲ್ಲಿ ತಿಳಿಯಬೇಕಾದದ್ದರ ಅರ್ಧ ಭಾಗ ಹೋಗಿರುತ್ತದೆ. ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ವೀರಗಲ್ಲುಗಳನ್ನು ದಾಖಲಿಸುವ ನಾವು ಹಿಡಿದಿರುವ ಕ್ರಮ ಬೇರೆ. ಮೊದಲು ಜಾಗವನ್ನು ಬರೆದುಕೊಳ್ಳುವುದು, ಆಮೇಲೆ ಮಣ್ಣು ಬಿಡಿಸುವುದು, ನೀರು ಮುಟ್ಟಿಸುವುದು, ಬೆಳಕಿನಲ್ಲಿ ನೋಡುವುದು, ಪಡಿಯಚ್ಚು (ಕಲ್ಲಿನ ಅಕ್ಷರವನ್ನು ಕಾಗದದ ಮೇಲೆ ಮಸಿಯಲ್ಲಿ ಮೂಡಿಸಿದ ಪ್ರತಿ) ತೆಗೆಯುವುದು, ಓದುವುದು. ಕಲ್ಲನ್ನು ಎತ್ತುವ ಮಾತು ಎಲ್ಲಕ್ಕಿಂತ ಕೊನೆಗೆ, ಅದೂ ಬೇರೆ ದಾರಿಯೇ ಇಲ್ಲದಿದ್ದರೆ. ಕೆರೆ ಏರಿಯ ಬುಡದಲ್ಲಿ ಅರ್ಧ ಹೂತು, ಹಿಂದಕ್ಕೆ ವಾಲಿ ನಿಂತಿದ್ದ ಮೂರು ಹಂತದ ಒಂದು ಗ್ರಾನೈಟ್ ಕಲ್ಲಿನ ಕೆಲಸವನ್ನು ಮುಂದಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ಬರೆದಿದ್ದೇವೆ.

ವೀರಗಲ್ಲು ನಮ್ಮ ಊರುಗಳ ಯುದ್ಧಸ್ಮಾರಕ. ಅದರಲ್ಲಿ ರಾಜನ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಉಳಿದ ಜಾಗವೆಲ್ಲ ಸತ್ತವನಿಗೆ ಸಲ್ಲುತ್ತದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನೇ ನೋಡಿ. ಗಂಗರ ಶ್ರೀಪುರುಷ ಆಳುತ್ತಿದ್ದಾಗ, ಕ್ರಿ.ಶ. ಸುಮಾರು 750ರಲ್ಲಿ, ಊರ ಮೇಲೆ ಬಂದ ದಾಳಿಯನ್ನು ತಡೆಯುತ್ತ ಅವನು ಸತ್ತ. ಶಾಸನ ಆ ದಾಳಿಯನ್ನು ‘ಊರಳಿವು’ ಎನ್ನುತ್ತದೆ. ಪೆಬ್ಬೊೞನಾಡು ಎಂಬ ಹೆಸರೂ ಅದರಲ್ಲೇ ಸಿಗುತ್ತದೆ, ಅಂದರೆ ಇಂದಿನ ಹೆಬ್ಬಾಳಕ್ಕೆ ಸಾವಿರದ ಇನ್ನೂರೈವತ್ತು ವರ್ಷ ಹಿಂದಿನ ಸಾಕ್ಷಿ. ಆ ಕಲ್ಲು 2018ರಲ್ಲಿ ಚರಂಡಿ ಅಗೆಯುವಾಗ ಕಣ್ಣಿಗೆ ಬಿತ್ತು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ರ ವೀರಗಲ್ಲು ‘ಬೆಂಗುಳೂರ ಕಾಳೆಗ’ದಲ್ಲಿ ಮಡಿದವನದು. ಬೆಂಗಳೂರು ಎಂಬ ಹೆಸರಿಗೆ ಸಿಕ್ಕಿರುವ ಬಹಳ ಹಳೆಯ ಲಿಖಿತ ಆಧಾರ ಅದು. ನಗರದ ಹೆಸರು ನಮಗೆ ಉಳಿದು ಬಂದದ್ದು ಅರಮನೆಯ ಕಡತದಿಂದಲ್ಲ, ಸತ್ತ ಒಬ್ಬ ಯೋಧನ ಕಲ್ಲಿನಿಂದ ಎನ್ನುವುದನ್ನು ನಾವು ಹೋದ ಊರಲ್ಲೆಲ್ಲ ಹೇಳುತ್ತೇವೆ.

ಹೊರಡುವ ಮೊದಲಿನ ಕೆಲಸ ಮೇಜಿನ ಮೇಲಿನದು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಕಲನ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ, ಅಂದರೆ 1905ರ ಬೆಂಗಳೂರು ಜಿಲ್ಲೆಯ ಸಂಪುಟ, ಮೊದಲು ತೆರೆಯಬೇಕಾದ ಪುಸ್ತಕ. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಲಾಗಿದೆ. ಇಲ್ಲಿ ಎರಡು ಕಡೆ ಎಡವುತ್ತೇವೆ. ಒಂದು, ಅಂದಿನ ತಾಲ್ಲೂಕು ಗಡಿ ಇಂದಿನದಲ್ಲ. ಆಗ ಒಂದು ತಾಲ್ಲೂಕಿನಲ್ಲಿದ್ದ ಹಳ್ಳಿ ಈಗ ಇನ್ನೊಂದರಲ್ಲಿರಬಹುದು, ನಗರದ ವಾರ್ಡೇ ಆಗಿರಬಹುದು. ಎರಡು, ಪುಸ್ತಕದಲ್ಲಿ ಊರಿನ ಹೆಸರಿನ ಜೊತೆ ‘ಕೆರೆಯ ಕೋಡಿಯ ಹತ್ತಿರ’, ‘ಊರ ಪೂರ್ವದ ಹೊಲದಲ್ಲಿ’ ಎಂಬಂಥ ಗುರುತು ಮಾತ್ರ ಇರುತ್ತದೆ. ಆ ಹೊಲ ಇಂದು ಬಡಾವಣೆಯಾಗಿದ್ದರೆ ಹಳೆಯ ಗ್ರಾಮ ನಕ್ಷೆ ತರಿಸಿ ಸರ್ವೆ ನಂಬರಿನಿಂದ ಹುಡುಕಬೇಕು. ಅಚ್ಚಾದ ಪಾಠ ಸಿಕ್ಕಿತೆಂದು ಕೆಲಸ ಬಿಡುವ ಹಾಗೂ ಇಲ್ಲ. ನೂರು ವರ್ಷಕ್ಕೂ ಹಿಂದೆ ಓದಿದವರಿಗೆ ಕಂಡ ಅಕ್ಷರ ಈಗ ಸವೆದಿರಬಹುದು, ಅವರಿಗೆ ಮಣ್ಣಿನಡಿ ಮುಚ್ಚಿಹೋಗಿದ್ದ ಸಾಲು ಈಗ ಕಾಣಬಹುದು. ಪುಸ್ತಕ, ಕಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು.

ಅನುಮತಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇವೆ. ಸ್ಮಾರಕ ಕೇಂದ್ರದ 1958ರ ಕಾಯಿದೆಯಡಿ ರಕ್ಷಿತವಾಗಿದ್ದರೆ ಅದರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಮುಟ್ಟುವ ಕೆಲಸ ಯಾವುದೇ ಇರಲಿ, ಇಲಾಖೆಯ ಅನುಮತಿ ಬೇಕು. ರಾಜ್ಯದ ರಕ್ಷಿತ ಸ್ಮಾರಕಗಳಿಗೆ 1961ರ ಕಾಯಿದೆ ಇದೆ. ಊರಿನ ವೀರಗಲ್ಲುಗಳಲ್ಲಿ ಬಹುಪಾಲು ಈ ಎರಡೂ ಪಟ್ಟಿಯ ಹೊರಗಿವೆ. ಹಾಗೆಂದು ಅವು ಯಾರಿಗೂ ಸೇರದ ಕಲ್ಲುಗಳಲ್ಲ. ಜಮೀನಿನವರು, ಪಂಚಾಯಿತಿ, ಪೂಜೆ ಮಾಡುವವರು ಮೂವರನ್ನೂ ಕೇಳಿಯೇ ಶುರು ಮಾಡಬೇಕು. ಪೂರ್ತಿ ಹೂತಿದ್ದ ಕಲ್ಲು ಹೊಸದಾಗಿ ಸಿಕ್ಕಿದ್ದರೆ ತಹಶೀಲ್ದಾರರಿಗೂ ಪುರಾತತ್ವ ಇಲಾಖೆಯ ಜಿಲ್ಲಾ ಕಚೇರಿಗೂ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು.

ಪೂಜೆ ಮಾಡುವವರ ಮಾತನ್ನು ಕೇಳುವುದು ಬರೀ ಮರ್ಯಾದೆಯ ವಿಷಯವಲ್ಲ, ಅದು ದಾಖಲೆಯ ಭಾಗ. ಏರಿಯ ಬುಡದ ಕಲ್ಲಿಗೆ ದೀಪ ಹಚ್ಚುತ್ತಿದ್ದ ಹಿರಿಯರನ್ನು ಕೇಳಿದೆವು: “ಅಜ್ಜಿ, ಇದು ಯಾರ ಕಲ್ಲು?”

“ಈರಗಾರಪ್ಪಂದು ಕಣಪ್ಪಾ. ದನ ಕರ ಕಾಯೋನು ಅವ್ನು. ಹಸ ಈದ್ರೆ ಗಿಣ್ಣಾಲು ಮೊದ್ಲು ಇಲ್ಲಿಗೇ.”

“ನೀರು ಹಾಕಿ ತೊಳೀಬೋದಾ ಅಜ್ಜಿ?”

“ತೊಳೀರಿ. ಚಪ್ಲಿ ಬಿಟ್ಬುಟ್ಟು ಬನ್ನಿ. ಕಬ್ಣ ಗಿಬ್ಣ ಹಾಕಿ ಕೆರೀಬ್ಯಾಡಿ.”

ಕಬ್ಬಿಣ ಹಾಕಬೇಡಿ ಎಂದೇ ಸಂರಕ್ಷಣಾ ತಜ್ಞರೂ ಹೇಳುತ್ತಾರೆ. ಮುಂದೆ ಕೆಳಗಿನ ಹಂತದ ಮಣ್ಣು ಬಿಡಿಸಿದಾಗ ವೀರನ ಕಾಲಿನ ಹಿಂದೆ ಸಾಲಾಗಿ ಹಸುಗಳು ಕಂಡವು. ಹಸುಗಳಿದ್ದರೆ ಅದು ತುರುಗಾಳಗದ ಕಲ್ಲು, ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು ಸತ್ತವನದು. ಊರಿನ ನೆನಪೂ ಕಲ್ಲಿನ ಚಿತ್ರವೂ ಒಂದೇ ಮಾತು ಹೇಳುತ್ತಿವೆ ಎಂದು ಕುಣಿದಾಡಬೇಕೆನಿಸುತ್ತದೆ. ಆದರೆ ಹಸುಗಳ ಚಿತ್ರವನ್ನು ಎಂದೋ ನೋಡಿದವರಿಂದಲೇ ಆ ನಂಬಿಕೆ ಹುಟ್ಟಿದ್ದೂ ಇರಬಹುದು. ಅದಕ್ಕೇ ಊರವರ ಮಾತನ್ನು ಅವರ ಮಾತಾಗಿಯೇ ಬರೆದುಕೊಳ್ಳುತ್ತೇವೆ, ಶಾಸನದ ಪಾಠಕ್ಕೆ ಬೆರೆಸುವುದಿಲ್ಲ.

ಇನ್ನು ಜಾಗ. ಇದಕ್ಕೆ ಇಷ್ಟು ಮಹತ್ವ ಯಾಕೆ ಎನ್ನುವವರಿಗೆ ಆತಕೂರಿನ ಶಾಸನವೇ ಉತ್ತರ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಇಮ್ಮಡಿ ಬೂತುಗ ಚೋಳರ ಮೇಲೆ ನಡೆಸಿದ ತಕ್ಕೋಲದ ಯುದ್ಧದ ಕಾಲದ ಕಲ್ಲು ಅದು. ಬೂತುಗನ ಯೋಧ ಮಣಲೇರನ ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ ಭೂಮಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಂಡರೆ ಆ ಗುಡಿಯ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟುತ್ತದೆ ಎಂದೂ ಬರೆದಿದೆ. ಯಾವ ಗುಡಿಯ ಮುಂದೆ, ಯಾರ ಕಣ್ಣೆದುರು, ಯಾರ ಉಸ್ತುವಾರಿಯಲ್ಲಿ ನಿಲ್ಲಬೇಕೆಂಬುದನ್ನು ಶಾಸನವೇ ಹೇಳುತ್ತಿದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ, ಬೇಗೂರಿನಿಂದ ತಂದ, ಗಂಗರ ಕಾಲದ ನಾಗತ್ತರ ಎಂಬ ವೀರನ ದೊಡ್ಡ ವೀರಗಲ್ಲೂ ಅಲ್ಲೇ ಇದೆ. ಆನೆ, ಕುದುರೆಗಳ ಆ ಕಾಳಗದ ಚಿತ್ರವನ್ನು ಹತ್ತಿರದಿಂದ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡೂ ಕಲ್ಲುಗಳ ಮೂಲ ಊರು ದಾಖಲಾಗಿದ್ದರಿಂದ ಅವುಗಳ ಅರ್ಥ ಉಳಿದಿದೆ. ಊರು ಗೊತ್ತಿಲ್ಲದೆ ಸಂಗ್ರಹಾಲಯ ಸೇರಿದ ವೀರಗಲ್ಲು ಒಳ್ಳೆಯ ಶಿಲ್ಪವಾಗಿ ಉಳಿಯಬಹುದು, ಊರಿನ ಸ್ಮಾರಕವಾಗಿ ಉಳಿಯುವುದಿಲ್ಲ.

ಆದ್ದರಿಂದ ಕಲ್ಲನ್ನು ಮುಟ್ಟುವ ಮೊದಲು ಬರೆದುಕೊಳ್ಳುವುದು ಇಷ್ಟು: ಮುಖ ಯಾವ ದಿಕ್ಕಿಗಿದೆ (ದಿಕ್ಸೂಚಿಯ ಡಿಗ್ರಿಯಲ್ಲಿ), ಎಷ್ಟು ವಾಲಿದೆ, ನೆಲದಿಂದ ಮೇಲೆ ಎಷ್ಟು ಕಾಣುತ್ತಿದೆ, ಏರಿ, ತೂಬು, ಗುಡಿ, ಹಳೆಯ ದಾರಿ ಇವುಗಳಿಂದ ಎಷ್ಟು ದೂರ, ಪಕ್ಕದಲ್ಲಿ ಮಾಸ್ತಿಕಲ್ಲೋ (ಸಹಗಮನ ಮಾಡಿದವಳ ನೆನಪಿನ ಕಲ್ಲು) ಇನ್ನೊಂದು ವೀರಗಲ್ಲೋ ಇದೆಯೇ. ಜೋಡಿಯಾಗಿ ನಿಂತ ಕಲ್ಲುಗಳನ್ನು ಬೇರೆ ಮಾಡಿದರೆ ಮತ್ತೆ ಜೋಡಿಸಲು ಆಧಾರವೇ ಇರುವುದಿಲ್ಲ. ಜಿಪಿಎಸ್ ಗುರುತನ್ನು ದಶಮಾಂಶದ ನಂತರ ಐದು ಅಂಕಿವರೆಗೆ ಬರೆಯುತ್ತೇವೆ. ಐದನೆಯ ಅಂಕಿ ಸುಮಾರು ಒಂದು ಮೀಟರಿನಷ್ಟು. ಮೊಬೈಲಿನ ನಿಖರತೆ ಅಷ್ಟಿಲ್ಲ, ಹುಣಸೆ ಮರದ ಕೆಳಗಂತೂ ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ. ಹೀಗಾಗಿ ಬಯಲಿಗೆ ಬಂದು ಒಂದು ಗುರುತು ತೆಗೆದುಕೊಂಡು, ಅಲ್ಲಿಂದ ಕಲ್ಲಿನವರೆಗೆ ಟೇಪು ಹಿಡಿದು ಅಳೆಯುವುದು ಲೇಸು. ಡಿಗ್ರಿ–ನಿಮಿಷದಲ್ಲಿ ಬಂದ ಅಂಕಿಯನ್ನು ದಶಮಾಂಶವೆಂದು ಬರೆದುಬಿಡುವುದು ಪಟ್ಟಿಗಳಲ್ಲಿ ನಮಗೆ ಹೆಚ್ಚಾಗಿ ಸಿಗುವ ತಪ್ಪು. ಅದರಿಂದ ಕಲ್ಲು ನಕ್ಷೆಯಲ್ಲಿ ಕಿಲೋಮೀಟರುಗಟ್ಟಲೆ ಆಚೆ ಹೋಗಿ ಕೂರುತ್ತದೆ.

ಮಣ್ಣು ಬಿಡಿಸುವುದು ಅವಸರದ ಕೆಲಸವಲ್ಲ. ಮೊದಲು ತೂಕದ ಲೆಕ್ಕ. 6 ಅಡಿ ಎತ್ತರ, 3 ಅಡಿ ಅಗಲ, 8 ಅಂಗುಲ ದಪ್ಪದ ಕಲ್ಲೆಂದರೆ 12 ಘನ ಅಡಿ. ಗ್ರಾನೈಟು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ, ಅಲ್ಲಿಗೆ 900 ಕಿಲೋ. ವಾಲಿ ನಿಂತ ಇಷ್ಟು ಭಾರವನ್ನು ಹಿಡಿದಿರುವುದು ಬುಡದ ಮಣ್ಣು ಒಂದೇ. ಹಿಂದಿನಿಂದ ಎರಡು ಕಡೆ ಮರದ ಆಸರೆ ಕೊಡದೆ ಮುಂದಿನ ಮಣ್ಣು ತೆಗೆಯಬಾರದು, ಎರಡೂ ಕಡೆ ಒಟ್ಟಿಗೆ ಅಗೆಯಲೇಬಾರದು. ಗುದ್ದಲಿ ದೂರದ ಮಣ್ಣಿಗೆ ಮಾತ್ರ. ಕಲ್ಲಿನಿಂದ ಒಂದು ಗೇಣು ಉಳಿದಾಗ ಕರಣೆ, ಬಿದಿರಿನ ಕಡ್ಡಿ, ಕೈ. ಜೆಸಿಬಿ ಬಕೆಟ್ಟಿನ ಹಲ್ಲು ಒಮ್ಮೆ ಉಜ್ಜಿದರೆ ಒಂದು ಸಾಲೇ ಹೋಗುತ್ತದೆ, ಅಂಥ ಬಿಳಿ ಗೀರುಗಳಿರುವ ಕಲ್ಲುಗಳು ನಮ್ಮ ಪಟ್ಟಿಯಲ್ಲಿ ಬೇಕಾದಷ್ಟಿವೆ. ಹೂತ ಭಾಗದಲ್ಲೇ ಅಕ್ಷರ ಚೆನ್ನಾಗಿ ಉಳಿದಿರುತ್ತವೆ, ಬಿಸಿಲು, ಮಳೆ, ಎಣ್ಣೆ ಯಾವುದೂ ಅಲ್ಲಿಗೆ ತಾಗಿರುವುದಿಲ್ಲ. ಬೇರು ಕಲ್ಲಿನ ಬಿರುಕಿಗೆ ಇಳಿದಿದ್ದರೆ ಎಳೆಯದೆ ಕತ್ತರಿಸಿ ಬಿಡುವುದು. ಎಳೆದರೆ ಬೇರಿನ ಜೊತೆ ಕಲ್ಲಿನ ಚಕ್ಕೆ ಬರುತ್ತದೆ.

ತೊಳೆಯುವುದಕ್ಕೆ ಬೇಕಾದ್ದು ಕಡಿಮೆ: ಎರಡು ಬಕೆಟ್ ಸಿಹಿನೀರು, ಮೆದುವಾದ ನೈಲಾನ್ ಬ್ರಷ್ಷು, ಹಲ್ಲುಜ್ಜುವ ಹಳೆಯ ಬ್ರಷ್ಷು, ಬಿದಿರಿನ ಕಡ್ಡಿ, ಹತ್ತಿ ಬಟ್ಟೆ. ಮೇಲಿನಿಂದ ಕೆಳಕ್ಕೆ ನೀರು ಬಿಟ್ಟು, ಮಣ್ಣು ನೆನೆದ ಮೇಲೆ ಬ್ರಷ್ಷನ್ನು ವೃತ್ತಾಕಾರವಾಗಿ ಆಡಿಸಬೇಕು. ತಂತಿ ಬ್ರಷ್ಷು ಬೇಡ. ಅದರ ಕಬ್ಬಿಣದ ಕಣ ಕಲ್ಲಿನಲ್ಲಿ ಉಳಿದು ಮುಂದಿನ ಮಳೆಗೆ ತುಕ್ಕಿನ ಕಲೆಯಾಗುತ್ತದೆ. ಶೌಚಾಲಯ ತೊಳೆಯುವ ಆಸಿಡ್ಡಂತೂ ಕೂಡದು. ಗ್ರಾನೈಟಿನೊಳಗಿನ ಕಪ್ಪು ಅಭ್ರಕದಲ್ಲಿ ಕಬ್ಬಿಣದ ಅಂಶ ಇದೆ, ಆಸಿಡ್ ಅದನ್ನು ಹೊರಗೆಳೆದು ಇಡೀ ಮುಖಕ್ಕೆ ಕಂದು ಬಣ್ಣ ಬಳಿದಂತೆ ಮಾಡುತ್ತದೆ. ಪ್ರೆಷರ್ ವಾಷರ್, ಮರಳು ಸಿಡಿಸುವ ಯಂತ್ರ ಎರಡೂ ಕಲ್ಲಿನ ಸವೆದ ಮೇಲ್ಪದರವನ್ನು ಕೀಳುತ್ತವೆ. ಅಕ್ಷರ ಇರುವುದು ಆ ಪದರದಲ್ಲೇ. ಕಲ್ಲುಹೂವು ಬಿಗಿಯಾಗಿ ಕಚ್ಚಿಕೊಂಡಿದ್ದರೆ ಕೆರೆಯದೆ ಬಿಡುತ್ತೇವೆ. ಮಲೆನಾಡಿನ ಕಡೆಯ ಬಳಪದ ಕಲ್ಲಾದರೆ ನೈಲಾನ್ ಬ್ರಷ್ಷೂ ಗೀರು ಬೀಳಿಸುತ್ತದೆ, ಅಲ್ಲಿ ಬರೀ ನೀರು, ಬಟ್ಟೆ.

ಸುಣ್ಣ ಬಳಿದಿದ್ದರೆ ಒಣಗಿದ ಪದರವನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸಬಹುದು. ಎನಾಮೆಲ್ ಬಣ್ಣ ಹಾಗಲ್ಲ. ಅದು ಅಕ್ಷರದ ಕೊರೆತವನ್ನು ತುಂಬಿ ಗಟ್ಟಿಯಾಗುತ್ತದೆ. ಅದನ್ನು ತೆಗೆಯುವುದು ಇಲಾಖೆಯ ರಾಸಾಯನಿಕ ಸಂರಕ್ಷಣೆ ಬಲ್ಲವರ ಕೆಲಸ, ಹಳ್ಳಿಯಲ್ಲಿ ಥಿನ್ನರ್ ಹಾಕಿ ಉಜ್ಜುವುದಲ್ಲ. ಥಿನ್ನರಿನಲ್ಲಿ ಕರಗಿದ ಬಣ್ಣ ಕಲ್ಲಿನ ರಂಧ್ರಗಳಿಗೆ ಇಳಿದರೆ ಆಮೇಲೆ ಯಾರೂ ತೆಗೆಯಲಾರರು. ದೀಪದ ಎಣ್ಣೆ ದಪ್ಪಗೆ ಕಟ್ಟಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕಾಲು ಗಂಟೆ ಹೊದಿಸಿ, ಮೆದುವಾದ ಉಂಡೆಗಳನ್ನಷ್ಟೇ ತೆಗೆಯುತ್ತೇವೆ.

ಓದಿನಲ್ಲಿ ಅರ್ಧ ಕೆಲಸ ಬೆಳಕಿನದು. ನಡುಹಗಲಿನ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಕಲ್ಲಿನ ಮುಖವನ್ನು ಸವರಿಕೊಂಡು ಹೋಗುವ ಹೊತ್ತು ಸಿಕ್ಕರೆ ಸರಿ. ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ವರ್ಷದ ಎಷ್ಟೋ ತಿಂಗಳು, ಮರದ ನೆರಳಿನ ಕಲ್ಲಿಗೆ ಯಾವಾಗಲೂ ಅದು ಸಿಗುವುದಿಲ್ಲ. ಆಗ ಬಿಸಿಲಲ್ಲಿ ನಿಂತು ದೊಡ್ಡ ಕನ್ನಡಿಯಿಂದ ಬೆಳಕು ತಿರುಗಿಸುವುದು, ಇಲ್ಲವೇ ಕತ್ತಲಾದ ಮೇಲೆ ಟಾರ್ಚು. ಟಾರ್ಚನ್ನು ಕಲ್ಲಿನ ಮುಖಕ್ಕೆ 10ರಿಂದ 15 ಡಿಗ್ರಿ ಓರೆಯಾಗಿ ಹಿಡಿಯಬೇಕು. ಒಂದೇ ದಿಕ್ಕಿನ ಬೆಳಕನ್ನು ನಂಬಬಾರದು. ಬೆಳಕಿಗೆ ಸಮಾನಾಂತರವಾಗಿ ಹೋಗುವ ಗೆರೆಗೆ ನೆರಳು ಬೀಳುವುದಿಲ್ಲ, ಹಾಗಾಗಿ ಎಡದಿಂದ ನೋಡಿದಾಗ ಇಲ್ಲದ ಕೊಂಬು ಮೇಲಿನಿಂದ ನೋಡಿದಾಗ ಎದ್ದು ಬರುತ್ತದೆ. ನಾಲ್ಕೂ ಕಡೆಯಿಂದ, ಕ್ಯಾಮೆರಾವನ್ನು ಅಲುಗಿಸದೆ, ಒಂದೊಂದು ಸಾಲಿಗೂ ಬೇರೆ ಚಿತ್ರ ತೆಗೆಯುತ್ತೇವೆ. ಕ್ಯಾಮೆರಾ ಕಲ್ಲಿನ ನಡುಮಟ್ಟದಲ್ಲಿ ನೆಟ್ಟಗೆ ಎದುರಿಗಿರಬೇಕು, ಪಕ್ಕದಲ್ಲಿ ಸೆಂಟಿಮೀಟರ್ ಪಟ್ಟಿ ಇರಬೇಕು. ಅಕ್ಷರಕ್ಕೆ ಸೀಮೆಸುಣ್ಣ ತುಂಬುವ ಅಭ್ಯಾಸ ಕೈಬಿಡುವುದು ಒಳ್ಳೆಯದು. ತುಂಬಿದವರ ಊಹೆಯೇ ಅಕ್ಷರವಾಗಿ ಚಿತ್ರದಲ್ಲಿ ಉಳಿಯುತ್ತದೆ, ನಿಜವಾದ ಕೊರೆತ ಎಲ್ಲಿ, ಕಲ್ಲಿನ ಸಹಜ ಗೀರು ಎಲ್ಲಿ ಎಂದು ಆಮೇಲೆ ನೋಡುವವರಿಗೆ ತಿಳಿಯುವುದಿಲ್ಲ.

ಮೂರು ಆಯಾಮದ ದಾಖಲೆಗೆ ಎರಡು ದಾರಿ. ಬೆಂಗಳೂರಿನ ಶಾಸನಗಳನ್ನು ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿ ಸ್ಕ್ಯಾನರಿನಿಂದ 3ಡಿ ಮಾಡಿಸುತ್ತಿದೆ. ಅದು ಎಲ್ಲಕ್ಕಿಂತ ನಿಖರ. ಸ್ಕ್ಯಾನರ್ ಇಲ್ಲದವರು ಮೋಡ ಕವಿದ ದಿನ, ನೆರಳು ಬೀಳದ ಬೆಳಕಿನಲ್ಲಿ, ಒಂದು ಚಿತ್ರದ ಮೂರನೆಯ ಎರಡು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ಕಲ್ಲಿನ ಸುತ್ತ ನೂರರಷ್ಟು ಚಿತ್ರ ತೆಗೆದು ತಂತ್ರಾಂಶದಲ್ಲಿ ಜೋಡಿಸಬಹುದು. ನಡುವೆ ಝೂಮ್ ಬದಲಿಸಿದರೆ, ಫ್ಲ್ಯಾಶ್ ಹಾಕಿದರೆ, ಒದ್ದೆ ಕಲ್ಲು ಹೊಳೆಯುತ್ತಿದ್ದರೆ ಜೋಡಣೆ ಕೆಡುತ್ತದೆ. ಕಂಪ್ಯೂಟರಿನಲ್ಲಿ ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡಲು ಬರುವುದರಿಂದ ಸವೆದ ಸಾಲುಗಳ ಓದಿಗೆ ಇದರಷ್ಟು ನೆರವಾದದ್ದು ಬೇರೊಂದಿಲ್ಲ.

ಆದರೂ ಪಡಿಯಚ್ಚು ತೆಗೆಯುವುದನ್ನು ನಾವು ಬಿಟ್ಟಿಲ್ಲ. ಕಾಗದಕ್ಕೆ ವಿದ್ಯುತ್ ಬೇಡ, ತಂತ್ರಾಂಶ ಬೇಡ, ಮತ್ತು ಅದು ಅಕ್ಷರದ ನಿಜ ಅಳತೆಯಲ್ಲೇ ಇರುತ್ತದೆ. ಬೇಕಾದ್ದು ತೆಳುವಾದ, ಆದರೆ ನೆನೆದರೂ ಹರಿಯದ ಮ್ಯಾಪ್‌ಲಿಥೋ ಕಾಗದ, ದಟ್ಟ ಕೂದಲಿನ ತಟ್ಟುವ ಬ್ರಷ್ಷು, ದೀಪದ ಕಾಡಿಗೆಗೆ ಗೋಂದು ಬೆರೆಸಿದ ಮಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಮಸಿ ಉಂಡೆ. ಕಲ್ಲನ್ನು ನೆನೆಸಿ, ನೆನೆಸಿದ ಕಾಗದವನ್ನು ಮೇಲಿನಿಂದ ಕೆಳಕ್ಕೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಬ್ರಷ್ಷಿನಿಂದ ನೆಟ್ಟಗೆ ತಟ್ಟುತ್ತ ಹೋಗಬೇಕು. ನಡುವಿನ ಗಾಳಿ ಹೊರಗೆ ಹೋಗಿ ಕಾಗದ ಅಕ್ಷರದ ತಗ್ಗಿಗೆ ಇಳಿಯಬೇಕು. ಉಜ್ಜಬಾರದು, ಉಜ್ಜಿದರೆ ಕಾಗದ ಸರಿದು ಅಕ್ಷರ ಜೋಡಿಯಾಗಿ ಕಾಣುತ್ತದೆ. ಹರಿದ ಕಡೆ ಅದೇ ಕಾಗದದ ತುಂಡನ್ನು ಅಂಟಿಸಿ ಮತ್ತೆ ತಟ್ಟಬೇಕು, ಇಲ್ಲವಾದರೆ ಮಸಿ ಕಲ್ಲಿಗೇ ಇಳಿಯುತ್ತದೆ.

ಮಸಿ ಹಚ್ಚುವ ಹೊತ್ತನ್ನು ಹಿಡಿಯುವುದೇ ಇದರಲ್ಲಿ ಕಷ್ಟದ್ದು. ಕಾಗದದ ಮೇಲಿನ ನೀರಿನ ಹೊಳಪು ಹೋಗಿರಬೇಕು, ತೇವ ಇರಬೇಕು. ಒದ್ದೆಯಿದ್ದಾಗ ಹಚ್ಚಿದರೆ ಮಸಿ ಹರಡಿ ಅಕ್ಷರದ ತಗ್ಗನ್ನು ತುಂಬುತ್ತದೆ. ಒಣಗಿದ ಮೇಲೆ ಹಚ್ಚಹೋದರೆ ಕಾಗದ ಅಂಚಿನಿಂದ ಏಳತೊಡಗುತ್ತದೆ. ಉಂಡೆಗೆ ಮಸಿ ಮುಟ್ಟಿಸಿ, ಹೆಚ್ಚಾದದ್ದನ್ನು ಬೇರೆ ಕಾಗದದ ಮೇಲೆ ಒತ್ತಿ ತೆಗೆದು, ಹಗುರವಾಗಿ ಒತ್ತುತ್ತ ಹೋದರೆ ಕಲ್ಲಿನ ಮೈ ಕಪ್ಪಾಗಿ ಅಕ್ಷರ ಬಿಳಿಯಾಗಿ ನಿಲ್ಲುತ್ತದೆ. ಮಾರ್ಚಿಯ ಬಿಸಿಲಲ್ಲಿ ತಟ್ಟಿ ಮುಗಿಯುವ ಮೊದಲೇ ಕಾಗದ ಒಣಗುತ್ತದೆ, ಆಷಾಢದ ಗಾಳಿ ಕಾಗದವನ್ನೇ ಎತ್ತಿಕೊಂಡು ಹೋಗುತ್ತದೆ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಮಳೆ ನಿಂತ ಮೇಲಿನ ತಿಂಗಳುಗಳ ಬೆಳಗಿನ ಹೊತ್ತು ಒಳ್ಳೆಯದು. ಪೂರ್ತಿ ಒಣಗಿದ ಮೇಲೆ ಬಿಡಿಸಿ, ಹಿಂಬದಿಯಲ್ಲಿ ಊರು, ಹೋಬಳಿ, ತಾಲ್ಲೂಕು, ಕಲ್ಲಿನ ಯಾವ ಪಟ್ಟಿಕೆ (ಅಕ್ಷರ ಕೊರೆದ ಅಡ್ಡ ಪಟ್ಟಿ), ತೆಗೆದ ದಿನ ಇಷ್ಟನ್ನೂ ಪೆನ್ಸಿಲ್ಲಿನಲ್ಲಿ ಬರೆದು ಸುರುಳಿ ಸುತ್ತಿಡಬೇಕು. ಮಡಚಿದರೆ ಮಡಿಕೆ ಬಿದ್ದ ಸಾಲು ಕೆಲವೇ ವರ್ಷಕ್ಕೆ ಹರಿದುಹೋಗುತ್ತದೆ. ಬಣ್ಣ ಬಳಿದ ಕಲ್ಲಿಗೂ ಪುಡಿಯಾಗುತ್ತಿರುವ ಕಲ್ಲಿಗೂ ಅಚ್ಚು ತೆಗೆಯಬಾರದು, ಅಲ್ಲಿ ಚಿತ್ರವೇ ಸಾಕು.

ಓದುವಾಗ ಕಂಡದ್ದು, ಊಹಿಸಿದ್ದು, ಕಳೆದದ್ದು ಮೂರನ್ನೂ ಬೇರೆಬೇರೆ ಗುರುತಿನಿಂದ ಬರೆಯಬೇಕು. ಖಚಿತವಾದ ಅಕ್ಷರ ಹಾಗೇ, ಅನುಮಾನದ್ದು ಚೌಕ ಆವರಣದಲ್ಲಿ, ಹೋದದ್ದಕ್ಕೆ ಒಂದಕ್ಷರಕ್ಕೊಂದು ಚುಕ್ಕಿ. ಸಾಲು ಕಲ್ಲಿನಲ್ಲಿ ಎಲ್ಲಿ ಮುರಿಯುತ್ತದೋ ಪಾಠದಲ್ಲೂ ಅಲ್ಲೇ ಮುರಿಯಬೇಕು. ಹಳಗನ್ನಡದ ಲಿಪಿಯಲ್ಲಿ ದ–ಡ, ವ–ಚ ಒಂದಕ್ಕೊಂದು ಹತ್ತಿರ, ಎ–ಏ, ಒ–ಓ ಬೇರೆ ಎಂದು ತೋರಿಸುವ ದೀರ್ಘದ ಗುರುತು ಇರುವುದಿಲ್ಲ. ನಮ್ಮ ಏರಿ ಕಲ್ಲಿನ ಎರಡನೆಯ ಪಟ್ಟಿಕೆಯಲ್ಲಿ ‘ತು’ ಸ್ಪಷ್ಟವಾಗಿತ್ತು, ಮುಂದಿನ ಅಕ್ಷರದ ಹೊಟ್ಟೆಯಲ್ಲಿ ಎಣ್ಣೆ ಕಟ್ಟಿತ್ತು. ಹಸುಗಳ ಚಿತ್ರ ನೋಡಿದವರಿಗೆ ಅದು ‘ತುಱು’ (ತುರು, ಅಂದರೆ ದನ) ಎಂದೇ ಅನಿಸುತ್ತದೆ. ಎಡದ ಬೆಳಕಿನಲ್ಲಿ ಬರೀ ದುಂಡು ಕಂಡಿತು, ಕೆಳಗಿನಿಂದ ಬೆಳಕು ಬಿಟ್ಟಾಗ ಒಳಗಿನ ಅಡ್ಡಗೆರೆ ಎದ್ದು ಬಂದು ಅದು ‘ಱು’ವೇ ಎಂದು ಗೊತ್ತಾಯಿತು. ಆಮೇಲಷ್ಟೇ ಚೌಕ ಆವರಣ ತೆಗೆದೆವು. ವೀರನ ಹೆಸರಿನ ಮೊದಲ ಅಕ್ಷರಗಳು ಕಲ್ಲಿನ ಚಕ್ಕೆಯೊಂದಿಗೆ ಹೋಗಿವೆ. ಅಲ್ಲಿ ಚುಕ್ಕಿಗಳೇ ಇವೆ, ಯಾವ ಹೆಸರನ್ನೂ ತುಂಬಿಲ್ಲ.

ವೀರಗಲ್ಲುಗಳಲ್ಲಿ ಮತ್ತೆಮತ್ತೆ ಬರುವ ಮಾತುಗಳಿವೆ. ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕ ಅಂಥದ್ದು. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ. ನಡುವಿನ ಹಂತದಲ್ಲಿ ವೀರನನ್ನು ಎರಡೂ ಕಡೆ ಹಿಡಿದು ಒಯ್ಯುವ ಅಪ್ಸರೆಯರು ಈ ಮಾತಿನ ಚಿತ್ರವೇ. ಮೇಲಿನ ಹಂತದಲ್ಲಿ ಲಿಂಗ, ಪೂಜಿಸುವವರು; ತುದಿಯಲ್ಲಿ ಸೂರ್ಯ, ಚಂದ್ರ. ಇಂಥ ಗೊತ್ತಿರುವ ಮಾತಿನ ಒಂದು ತುಂಡು ಕಂಡೊಡನೆ ಉಳಿದದ್ದನ್ನು ತುಂಬಿಬಿಡುವ ಆಸೆಯಾಗುತ್ತದೆ. ತುಂಬಬಹುದು, ಆದರೆ ಆವರಣದೊಳಗೆ.

ಕಾಲ ಗೊತ್ತು ಮಾಡಲು ಶಕವರ್ಷ ಇದ್ದರೆ 78 ಕೂಡಿಸುವುದು ಎಲ್ಲರಿಗೂ ಗೊತ್ತು, ತಪ್ಪು ನುಸುಳುವುದೂ ಅಲ್ಲೇ. ಆತಕೂರು ಶಾಸನ ಶಕ 872, ಸೌಮ್ಯ ಸಂವತ್ಸರ. ನೇರವಾಗಿ ಕೂಡಿಸಿದರೆ 950 ಬರುತ್ತದೆ. ಆದರೆ ಕಳೆದುಹೋದ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಬರುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ (ಶೇಷ ಸೊನ್ನೆಯಾದರೆ ಅಕ್ಷಯ). ಸೌಮ್ಯ 43ನೆಯದು. 872ಕ್ಕೆ ಲೆಕ್ಕ ಹಾಕಿದರೆ ಶೇಷ 44, ಅಂದರೆ ಸಾಧಾರಣ. 871ಕ್ಕೆ ಹಾಕಿದರೆ 43. ಹಾಗಾಗಿ ಶಾಸನ ಹೇಳುವ 872 ನಡೆಯುತ್ತಿದ್ದ ವರ್ಷ, ಕಳೆದದ್ದು 871, ಕಾಲ ಕ್ರಿ.ಶ. 949–50. ಸಂವತ್ಸರವನ್ನು ಹೀಗೆ ತಾಳೆ ನೋಡದೆ ಯಾವ ವರ್ಷವನ್ನೂ ಫಲಕಕ್ಕೆ ಬರೆಸಬೇಡಿ. ವರ್ಷವೇ ಇಲ್ಲದ ಕಲ್ಲಿಗೆ ರಾಜನ ಹೆಸರು, ಅದೂ ಇಲ್ಲದಿದ್ದರೆ ಲಿಪಿ, ಭಾಷೆ. ೞಕಾರ ಹತ್ತನೆಯ ಶತಮಾನದಿಂದಾಚೆಗೆ ಕ್ರಮೇಣ ಬಳಕೆ ತಪ್ಪುತ್ತದೆ, ಱಕಾರ ಇನ್ನಷ್ಟು ಕಾಲ ಉಳಿಯುತ್ತದೆ. ಲಿಪಿಯಿಂದ ಹೇಳುವ ಕಾಲವನ್ನು ಶತಮಾನದ ಅಂದಾಜಿನಲ್ಲೇ ಹೇಳಬೇಕು.

ಇಷ್ಟೂ ಆದ ಮೇಲೆ ಸ್ಥಳಾಂತರದ ಪ್ರಶ್ನೆ. ಏರಿ ಕಲ್ಲನ್ನು ನಾವು ಅಲ್ಲೇ ನೆಟ್ಟಗೆ ಮಾಡಿ ನಿಲ್ಲಿಸಿದೆವು. ಎತ್ತಲೇಬೇಕಾದಾಗಲೂ ಕ್ರಮ ಒಂದೇ: ಮೂರುಕಾಲಿನ ಆಸರೆಗೆ 2 ಟನ್ ಸಾಮರ್ಥ್ಯದ ಚೈನ್ ಪುಲ್ಲಿ, ಕಲ್ಲಿಗೆ ಅಗಲವಾದ ನೈಲಾನ್ ಬೆಲ್ಟು, ಅಂಚುಗಳಿಗೆ ಗೋಣಿ ಅಥವಾ ಹಳೆಯ ಟೈರಿನ ತುಂಡು. ಬರೀ ಸರಪಳಿ ಕಟ್ಟಿದರೆ ಅಂಚಿನ ಶಿಲ್ಪ ಉದುರುತ್ತದೆ. ಹೊಸ ಗುಂಡಿಯಲ್ಲಿ ಕಲ್ಲಿನ ಕಾಲುಭಾಗ ಇಳಿಯಬೇಕು, ಆದರೆ ಅಕ್ಷರದ ಕೊನೆಯ ಸಾಲು ನೆಲದಿಂದ ಒಂದು ಗೇಣಾದರೂ ಮೇಲಿರಬೇಕು. ಶಿಲ್ಪವೋ ಅಕ್ಷರವೋ ಬುಡದವರೆಗೂ ಇದ್ದರೆ ಹೂಳದೆ ಹಿಂದಿನಿಂದ ಕಲ್ಲಿನ ಕಂಬಗಳ ಆಸರೆ ಕೊಡುವುದು ಮೇಲು. ಬುಡಕ್ಕೆ ಸಿಮೆಂಟ್ ಕಾಂಕ್ರೀಟ್ ಸುರಿಯಬೇಡಿ. ಸಿಮೆಂಟಿನ ಲವಣ ತೇವದ ಜೊತೆ ಮೇಲೇರಿ ಕಲ್ಲಿನ ಮುಖದಲ್ಲಿ ಬಿಳಿಯಾಗಿ ಹೊಮ್ಮುತ್ತದೆ, ಪದರ ಏಳುತ್ತದೆ, ಮುಂದೆ ಕಲ್ಲನ್ನು ಮುರಿಯದೆ ಬಿಡಿಸಲೂ ಆಗುವುದಿಲ್ಲ. ದಪ್ಪ ಜಲ್ಲಿ, ಮರಳು, ಮಣ್ಣನ್ನು ಪದರಪದರವಾಗಿ ಹಾಕಿ ದಮ್ಮಸ್ಸು ಮಾಡಿ, ಸುತ್ತ ನೀರು ಹರಿದುಹೋಗುವ ಇಳಿಜಾರು ಕೊಟ್ಟರೆ ಸಾಕು. ಮುಖ ಮೊದಲಿದ್ದ ದಿಕ್ಕಿಗೇ ಇರಲಿ. ಹೆಬ್ಬಾಳದ ಕಿತ್ತಯ್ಯನ ಕಲ್ಲಿಗೆ ಹೆಬ್ಬಾಳದಲ್ಲೇ ಮಂಟಪ ಎದ್ದದ್ದು ಇದಕ್ಕೆ ಒಳ್ಳೆಯ ಮಾದರಿ.

ಯಾರ ಸ್ಮಾರಕವಾದರೂ ದಾಖಲೆಯ ಕ್ರಮ ಇದೇ ಇರಬೇಕು ಎನ್ನುವುದು ನಮ್ಮ ನಿಲುವು. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿ ಕಡೆಯವರ ನೆನಪಿಗೆ ಹಡ್ಸನ್ ವೃತ್ತದ ಬಳಿ ಎದ್ದಿದ್ದ ಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ಆ ಯುದ್ಧದಲ್ಲಿ ನಮ್ಮ ಮನಸ್ಸು ಯಾರ ಕಡೆಗಿದೆ ಎನ್ನುವುದು ಬೇರೆ ವಿಷಯ. ಕಲ್ಲಿನ ಅಳತೆ, ಅಕ್ಷರ, ಜಾಗ ಬರೆದಿಡುವುದೆಂದರೆ ಅದನ್ನು ನಿಲ್ಲಿಸಿದವರನ್ನು ಒಪ್ಪುವುದಲ್ಲ.

ಮುಗಿದ ದಾಖಲೆಯನ್ನು ಒಂದೇ ಕಡೆ ಇಡುವುದು ದಾಖಲೆ ಮಾಡದಿರುವುದಕ್ಕೆ ಸಮ. ಮುದ್ರಿತ ಪ್ರತಿ ಪಂಚಾಯಿತಿಗೆ, ಊರ ಶಾಲೆಗೆ, ಪುರಾತತ್ವ ಇಲಾಖೆಗೆ; ಮೂಲ ಚಿತ್ರಗಳು, 3ಡಿ ಕಡತ, ಪಾಠ ಎರಡು ಬೇರೆ ಊರುಗಳಲ್ಲಿರುವ ಡಿಸ್ಕುಗಳಲ್ಲಿ. ಕಡತದ ಹೆಸರಲ್ಲೇ ಊರು, ಕಲ್ಲಿನ ಸಂಖ್ಯೆ, ಸಾಲಿನ ಸಂಖ್ಯೆ ಬರಬೇಕು. ಕ್ಯಾಮೆರಾ ಕೊಡುವ ಅಂಕಿಯನ್ನೇ ಹೆಸರಾಗಿ ಬಿಟ್ಟರೆ ಐದು ವರ್ಷದ ಮೇಲೆ ತೆಗೆದವರಿಗೂ ಅದು ಯಾವ ಊರಿನದೆಂದು ತಿಳಿಯದು. ಫಲಕವನ್ನು ಕಲ್ಲಿಗೆ ಮೊಳೆ ಹೊಡೆದು, ಅಂಟು ಹಾಕಿ ಕೂರಿಸದೆ ನಾಲ್ಕು ಅಡಿ ದೂರ ಬೇರೆ ಕಂಬಕ್ಕೆ ಹಾಕಿಸಿ. ಅದರಲ್ಲಿ ಶಾಸನದ ಮೂಲ ಪಾಠ, ಇಂದಿನ ಕನ್ನಡದಲ್ಲಿ ಅದರ ಅರ್ಥ, ಕಾಲ, ಮತ್ತು ‘ಬಣ್ಣ, ಆಸಿಡ್, ಸಿಮೆಂಟ್ ಬೇಡ’ ಎಂಬ ಒಂದು ಸಾಲು ಇರಲಿ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮತ್ತು ಹಿಂಗಾರು ಮುಗಿದ ಮೇಲೆ, ನೆಲದಲ್ಲಿ ಗುರುತು ಮಾಡಿದ ಒಂದೇ ಜಾಗದಿಂದ ಚಿತ್ರ ತೆಗೆದು ಹಿಂದಿನದರ ಜೊತೆ ಹೋಲಿಸಿ. ವಾಲುವಿಕೆ ಹೆಚ್ಚಿದೆಯೇ, ಬುಡದಲ್ಲಿ ನೀರು ನಿಲ್ಲುತ್ತಿದೆಯೇ, ಹೊಸ ಬಿರುಕು ಇದೆಯೇ ಎಂದು ನೋಡಿ ದಿನಾಂಕ ಹಾಕಿ ಪಂಚಾಯಿತಿಯ ಪ್ರತಿಯಲ್ಲೇ ಬರೆಯಬೇಕು. ಏರಿ ಕಲ್ಲಿಗೆ ಈ ಕೆಲಸವನ್ನು ಈಗ ಊರ ಶಾಲೆಯ ಎಂಟನೆಯ ತರಗತಿಯ ಮಕ್ಕಳು ವಹಿಸಿಕೊಂಡಿದ್ದಾರೆ.